ಕೂಸಿನ ತುರಿಕೆಗೆ ಅಂಗಡಿ ಟ್ಯೂಬು ಮದ್ದಲ್ಲ!

ಬಸ್ಸಿನಲ್ಲಿ ಕಂಕುಳ ಕೂಸು ಪರಪರ ಕೆರೆದುಕೊಂಡಿತೋ, ಪಕ್ಕದ ಸೀಟು ಖಾಲಿ! ‘ಕಜ್ಜಿ ಇರ್ಬೇಕು, ಅಂಟ್ಕೊಂಡೀತು’ ಅನ್ನೋ ಪಿಸುಮಾತು ಬೇರೆ. ತಲೆ ತಗ್ಗಿಸಿ ಕೂರುವುದು ತಾಯಿ.

ಮೊದಲು ಈ ಮಾತು ಸ್ಪಷ್ಟವಾಗಲಿ. ಮಕ್ಕಳ ಇಸುಬು, ಅಂದರೆ ವೈದ್ಯರು ಹೇಳುವ ಎಕ್ಸಿಮಾ, ಅಂಟುರೋಗವಲ್ಲ. ಕೆಲವು ಮಕ್ಕಳ ಚರ್ಮಕ್ಕೆ ನೀರಿನ ಪಸೆ ಹಿಡಿದಿಡುವ ಶಕ್ತಿ ಹುಟ್ಟಿನಿಂದಲೇ ಕಡಿಮೆ. ಬಯಲುಸೀಮೆಯ ಚಳಿಗಾಲದ ಒಣಗಾಳಿಗೆ ಅದು ಇನ್ನಷ್ಟು ಬಿರಿಯುತ್ತದೆ. ಎಳೆಗೂಸಿಗೆ ಕೆನ್ನೆಯ ಮೇಲೆ, ಓಡಾಡುವ ಮಕ್ಕಳಿಗೆ ಮೊಣಕೈ, ಮೊಣಕಾಲಿನ ಮಡಿಕೆಯಲ್ಲಿ ಕೆಂಪಾಗಿ ಏಳುತ್ತದೆ. ತುರಿಕೆ ಬಂತೆಂದು ಕೆರೆಯುವುದು, ಕೆರೆದದ್ದಕ್ಕೆ ಮತ್ತೆ ತುರಿಕೆ. ಗಾಣದೆತ್ತಿನ ಸುತ್ತು! ಮನೆಮಂದಿಗೆಲ್ಲ ರಾತ್ರಿ ತುರಿಕೆ ಹತ್ತಿದ್ದರೆ ಅದು ತುರಿಕಜ್ಜಿ ಇರಬಹುದು. ಅದು ಅಂಟುತ್ತದೆ, ಅದರ ಮದ್ದೇ ಬೇರೆ.

ಆದರೆ ಪೇಟೆಯಲ್ಲಿ ನಡೆಯುವುದೇನು? ‘ಅಣ್ಣಾ, ಮಗೀಗೆ ತುರಿಕೆ, ಒಂದ್ ಟ್ಯೂಬ್ ಕೊಡ್ರಿ.’ ಅಂಗಡಿಯವರು ಕೊಡ್ತಾರೆ. ಎರಡೇ ದಿನಕ್ಕೆ ಕೆಂಪು ಮಾಯ. ಹಚ್ಚೋದು ಬಿಟ್ಟರೆ ಮತ್ತೆ ಹಾಜರ್. ಮತ್ತೊಂದು ಟ್ಯೂಬು! ಇಂಥ ಎಷ್ಟೋ ಮುಲಾಮಿನಲ್ಲಿರುವುದು ಜೋರು ಸ್ಟಿರಾಯ್ಡು. ತಿಂಗಳುಗಟ್ಟಲೆ ಹಚ್ಚಿದರೆ ಕೂಸಿನ ತೆಳು ಚರ್ಮ ಇನ್ನೂ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡು ಮುಲಾಮುಗಳನ್ನು ವೈದ್ಯರ ಚೀಟಿ ಇದ್ದರಷ್ಟೇ ಮಾರುವ ಪಟ್ಟಿಗೆ ಸೇರಿಸಿತು. ಕಾನೂನು ಕಾಗದದ ಮೇಲಿದೆ, ಟ್ಯೂಬು ಕಟ್ಟೆಯ ಮೇಲಿದೆ!

ಹಾಗಂತ ಸ್ಟಿರಾಯ್ಡು ವಿಷವಲ್ಲ. ಚರ್ಮವೈದ್ಯರು ಮಗುವಿಗೆ ತಕ್ಕದ್ದನ್ನು ಬರೆದುಕೊಟ್ಟರೆ, ಅವರು ಹೇಳಿದಷ್ಟು ದಿನ ಹೆದರದೆ ಹಚ್ಚಬೇಕು. ಅಳತೆಯೂ ಸುಲಭ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈ ಅಗಲದ ಜಾಗಕ್ಕೆ ಅಷ್ಟು ಸಾಕು.

ದಿನನಿತ್ಯದ ಆರೈಕೆ ಶುರುವಾಗುವುದು ಬಚ್ಚಲಲ್ಲಿ. ಹಂಡೆಯ ಸುಡುನೀರು ಬೇಡ, ಉಗುರುಬೆಚ್ಚಗಿನ ನೀರಲ್ಲಿ 5–10 ನಿಮಿಷದ ಸ್ನಾನ ಸಾಕು. ಘಮಘಮ ಸೋಪು, ಕಡ್ಲೆಹಿಟ್ಟಿನ ಉಜ್ಜಾಟ ಬೇಡವೇ ಬೇಡ. ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಪಸೆ ಆರುವ ಮೊದಲೇ ಪರಿಮಳವಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನೋ, ಶುದ್ಧ ಕೊಬ್ಬರಿ ಎಣ್ಣೆಯನ್ನೋ ಮೈತುಂಬ ಸವರಬೇಕು. ದಿನಕ್ಕೆರಡು ಸಲ, ಚರ್ಮ ನೆಟ್ಟಗಿದ್ದ ದಿನವೂ. ಉಗುರು ಕತ್ತರಿಸಿ, ಹತ್ತಿ ಬಟ್ಟೆ ತೊಡಿಸಿ. ರಾತ್ರಿ ಕೈಗೆ ಹತ್ತಿಯ ಕಾಲುಚೀಲ ಹಾಕಿದರೆ ಕೂಸೂ ನಿದ್ದೆ ಮಾಡೀತು, ತಾಯಿಯೂ ಕಣ್ಣು ಮುಚ್ಚಿಯಾಳು. ‘ಕೆರೀಬ್ಯಾಡ’ ಅಂತ ಗದರಿದರೆ ತುರಿಕೆ ನಿಲ್ಲುತ್ತದೆಯೇ? ತಣ್ಣೀರ ಬಟ್ಟೆ ಒತ್ತಿ, ಕೈಗೊಂದು ಆಟಿಕೆ ಕೊಡಿ. ವೈದ್ಯರನ್ನು ಕೇಳದೆ ಹಾಲು, ಮೊಟ್ಟೆ ನಿಲ್ಲಿಸಬೇಡಿ, ಬೆಳೆಯೋ ಕೂಸು ಸೊರಗುತ್ತದೆ.

ಕೀವು, ಹಳದಿ ಹಕ್ಕಳೆ, ಜ್ವರ ಅಥವಾ ಗುಂಪುಗುಂಪಾಗಿ ನೀರುಗುಳ್ಳೆ ಕಂಡರೆ ತಡ ಮಾಡದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇಸುಬು ಒಂದು ಟ್ಯೂಬಿಗೆ ಓಡಿಹೋಗುವ ಕಾಯಿಲೆಯಲ್ಲ. ಎಷ್ಟೋ ಮಕ್ಕಳಿಗೆ ಬೆಳೆದಂತೆ ತಾನೇ ಇಳಿಯುತ್ತದೆ. ಅಲ್ಲೀತನಕ ತಾಯಿಗೆ ಬೇಕಾದ್ದು ತಾಳ್ಮೆ, ಮನೆಯವರ ಒತ್ತಾಸೆ. ಔಷಧಿ ಅಂಗಡಿ ಯಜಮಾನ್ರು ‘ಚೀಟಿ ಎಲ್ಲಮ್ಮಾ?’ ಅಂತ ಒಂದು ಮಾತು ಕೇಳಲಿ. ಒಂದು ಗಿರಾಕಿ ತಪ್ಪೀತು, ಆದರೆ ಒಂದು ಕೂಸಿನ ಚರ್ಮ ಉಳಿದೀತು.