ಚುನಾಂಪೇಟ್: ಹಳ್ಳಿ ಬಾಗಿಲಿಗೆ ಬಂದ ಶುಗರ್ ವ್ಯಾನು

ಚೆನ್ನೈನಿಂದ ದಕ್ಷಿಣಕ್ಕೆ ಸುಮಾರು 100 ಕಿ.ಮೀ. ದೂರದ ಚುನಾಂಪೇಟ್ ಹೆಸರನ್ನು ಪ್ರವಾಸಿಗರಿಗಿಂತ ಹೆಚ್ಚಾಗಿ ಕೇಳಿರುವವರು ಮಧುಮೇಹದ ವೈದ್ಯರು. ಭತ್ತದ ಗದ್ದೆ, ಕೂಲಿ ಕೆಲಸ ನೆಚ್ಚಿಕೊಂಡ ಸೀಮೆ ಇದು. ಮೊದಲು ಕಾಂಚೀಪುರಂ ಜಿಲ್ಲೆಯಲ್ಲಿತ್ತು, ಈಗ ಚೆಂಗಲ್‌ಪಟ್ಟು.

2006ರಲ್ಲಿ ಡಾ. ವಿ. ಮೋಹನ್ ಅವರ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಇಲ್ಲಿನ 42 ಹಳ್ಳಿಗಳಲ್ಲಿ ಕೆಲಸ ಶುರು ಮಾಡಿತು. ಹಣಕಾಸಿಗೆ ವರ್ಲ್ಡ್ ಡಯಾಬಿಟಿಸ್ ಫೌಂಡೇಶನ್, ಉಪಗ್ರಹ ಸಂಪರ್ಕಕ್ಕೆ ನಮ್ಮ ಬೆಂಗಳೂರಿನ ಇಸ್ರೊ ಕೈಜೋಡಿಸಿದವು. ಜೊತೆಗೆ ನಿಂತ ಇನ್ನೊಂದು ಸಂಸ್ಥೆ ನ್ಯಾಷನಲ್ ಆಗ್ರೋ ಫೌಂಡೇಶನ್. ಅದನ್ನು ಕಟ್ಟಿದವರು ಹಸಿರು ಕ್ರಾಂತಿಯ ಸಿ. ಸುಬ್ರಮಣ್ಯಂ. ದೇಶದ ಹೊಟ್ಟೆಗೆ ಅನ್ನ ಸಿಗಲೆಂದು ದುಡಿದವರ ಸಂಸ್ಥೆ, ತಟ್ಟೆಯಲ್ಲಿ ಅನ್ನ ಕಡಿಮೆ ಮಾಡಿ ಎನ್ನುವ ವೈದ್ಯರ ಜೊತೆಗೂಡಿದ್ದು ಕಾಲದ ತಮಾಷೆಯೇ ಸರಿ.

ಆಸ್ಪತ್ರೆ ಎಂದರೆ ಒಂದು ವ್ಯಾನು. ರೆಟಿನಾದ ಚಿತ್ರ ತೆಗೆಯುವ ಕ್ಯಾಮೆರಾ, ಇಸಿಜಿ, ಕಾಲಿನ ರಕ್ತ ಸಂಚಾರ ನೋಡುವ ಡಾಪ್ಲರ್ ಎಲ್ಲವೂ ಅದರೊಳಗೇ. ಕಣ್ಣಿನ ಚಿತ್ರಗಳು ಉಪಗ್ರಹದ ಮೂಲಕ ಚೆನ್ನೈನ ತಜ್ಞರಿಗೆ ತಲುಪುತ್ತಿದ್ದವು. ಬಯೋಥೀಸಿಯೋಮೀಟರ್ ಎಂಬ ಉಪಕರಣವೂ ಇತ್ತು. ಅದರ ಕಂಪಿಸುವ ತುದಿಯನ್ನು ಕಾಲ ಹೆಬ್ಬೆರಳಿಗೆ ತಾಗಿಸಿ, ಕಂಪನವನ್ನು ನಿಧಾನವಾಗಿ ಏರಿಸುತ್ತಾ ಹೋಗುತ್ತಾರೆ. ಸಾಕಷ್ಟು ಏರಿಸಿದರೂ ‘ಏನೂ ಗೊತ್ತಾಗ್ತಿಲ್ಲ’ ಎಂದರೆ ನರ ಸೋತಿದೆ ಎಂದರ್ಥ. ಅಂಥವರು ಬರಿಗಾಲಲ್ಲಿ ಗದ್ದೆಗಿಳಿದರೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಹುಣ್ಣು ಆಳಕ್ಕಿಳಿದಿರುತ್ತದೆ.

ಮಾತ್ರೆ ಬಿಡುವವರನ್ನು ಬೈಯುವುದು ಸುಲಭ. ಮೈಯಲ್ಲಿ ನೋವಿಲ್ಲ, ಜ್ವರವಿಲ್ಲ. ‘ಈಗ ಆರಾಮಾಗಿದ್ದೀನಲ್ಲ, ಮಾತ್ರೆ ಯಾಕೆ?’ ಎಂದು ಕೇಳುವುದು ಮನುಷ್ಯ ಸಹಜ. ಪರೀಕ್ಷೆಗೆ ಎರಡು ದಿನ ಮೊದಲು ಸಿಹಿ ಬಿಟ್ಟು ಡಾಕ್ಟರ ಕಣ್ಣಿಗೆ ಮಣ್ಣೆರಚುವವರು ಪೇಟೆಯಲ್ಲೂ ಉಂಟು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯ ಮುಂದೆ ಈ ಆಟ ನಡೆಯುವುದಿಲ್ಲ. ಆದರೆ ಅರಿವಿನ ಕೊರತೆಯಷ್ಟನ್ನೇ ದೂರಿದರೆ ಅರ್ಧ ಸತ್ಯವಾದೀತು. ಚೆನ್ನೈಗೆ ಹೋಗಿಬರುವುದೆಂದರೆ ಬಸ್ ಚಾರ್ಜಿನ ಜೊತೆ ಆ ದಿನದ ಕೂಲಿಯೂ ಹೋಯಿತು.

ಚುನಾಂಪೇಟ್ ಆ ದೂರವನ್ನೇ ಅಳಿಸಿತು. ಒಟ್ಟು 27,014 ವಯಸ್ಕರ ಪೈಕಿ 23,449 ಮಂದಿಯ ತಪಾಸಣೆ ಆಯಿತು. ಊರಲ್ಲೇ ಕ್ಲಿನಿಕ್ ತೆರೆಯಿತು. ತರಬೇತಿ ಪಡೆದ ಸ್ಥಳೀಯ ಯುವಕರು ಮನೆಮಂದಿಗೆ ರೋಗದ ವಿಷಯ ತಿಳಿಸಿದರು. ಒಂದು ವರ್ಷದೊಳಗೆ ರೋಗಿಗಳ ಸರಾಸರಿ ಎಚ್‌ಬಿಎ1ಸಿ 9.3ರಿಂದ 8.5ಕ್ಕೆ ಇಳಿಯಿತು. ಹೆಚ್ಚಿನ ಚಿಕಿತ್ಸೆಗೆ ಚೆನ್ನೈಗೆ ಕಳಿಸಬೇಕಾದವರು ಶೇ 5ಕ್ಕಿಂತ ಕಡಿಮೆ.

0.8 ಇಳಿದದ್ದು ಅಷ್ಟೇನಾ ಎನ್ನಬೇಡಿ. ಎಚ್‌ಬಿಎ1ಸಿ ಒಂದು ಅಂಶ ಇಳಿದರೆ ಕಣ್ಣು, ಮೂತ್ರಪಿಂಡದ ಸೂಕ್ಷ್ಮ ರಕ್ತನಾಳಗಳ ತೊಂದರೆ ಶೇ 37ರಷ್ಟು ಕಡಿಮೆ ಎಂದು ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ ಕಂಡುಕೊಂಡಿತ್ತು. ಹಾಗಂತ 8.5 ಕೂಡ ಒಳ್ಳೆಯ ಅಂಕಿಯಲ್ಲ. ಸಾಮಾನ್ಯವಾಗಿ ವೈದ್ಯರ ಗುರಿ 7ರ ಆಸುಪಾಸು. ಹೊರಗಿನ ದೇಣಿಗೆಯಿಂದ ಓಡುವ ವ್ಯಾನನ್ನು ಪ್ರತಿ ತಾಲ್ಲೂಕಿಗೂ ಕೊಡುವುದು ಕಷ್ಟ. ಸರ್ಕಾರಿ ವ್ಯವಸ್ಥೆಯೇ ಆ ಕೆಲಸ ಹೊರಬೇಕು.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳ ವಯಸ್ಕರಲ್ಲಿ ಶೇ 8.9 ಮಂದಿಗೆ ಮಧುಮೇಹವಿದೆ. ಕರ್ನಾಟಕದಲ್ಲಿ 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲೂ ಆರೋಗ್ಯ ಕಾರ್ಯಕರ್ತರು ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಅವರು ಬಂದ ದಿನ ಮನೆಯ ಹಿರಿಯರನ್ನು ಕೂರಿಸಿ, ಪಾದವನ್ನೂ ತೋರಿಸಿ. ಕಣ್ಣಿನ ರೆಟಿನಾ ಪರೀಕ್ಷೆ ಮಾಡಿಸಿ ವರ್ಷ ಕಳೆದಿದ್ದರೆ ಎಲ್ಲಿಗೆ ಹೋಗಬೇಕೆಂದು ಅವರನ್ನೇ ಕೇಳಿ.