ಅಗ್ಗದ ಮಾಲೆಲ್ಲ ಡಂಪಿಂಗ್ ಅಲ್ಲ

ಸ್ಟೀಲಿನ ಬಿಸಿನೀರ ಫ್ಲಾಸ್ಕು ಈಗ ಮಕ್ಕಳ ಶಾಲಾ ಚೀಲದಲ್ಲೂ ಇದೆ, ಕಚೇರಿಯ ಮೇಜಿನ ಮೇಲೂ ಇದೆ. ಚೀನಾದಿಂದ ಬರುವ ಇಂಥ ಫ್ಲಾಸ್ಕುಗಳ ಮೇಲೆ ಕೇಂದ್ರ ಸರ್ಕಾರ 2025ರ ಮಾರ್ಚ್‌ನಲ್ಲಿ ಟನ್ನಿಗೆ 1,732 ಡಾಲರ್ ಆ್ಯಂಟಿ ಡಂಪಿಂಗ್ ಸುಂಕ ಹಾಕಿತು. ಅವಧಿ ಐದು ವರ್ಷ. ಇಂಥ ಸುಂಕಗಳ ಬಗ್ಗೆ ಜನ ಆಡುವ ಮಾತುಗಳಲ್ಲಿ ಬಹಳಷ್ಟು ತಪ್ಪು ತಿಳಿವಳಿಕೆ ಸೇರಿಕೊಂಡಿದೆ.

“ನಮಗಿಂತ ಅಗ್ಗಕ್ಕೆ ಮಾರಿದರೆ ಅದೇ ಡಂಪಿಂಗ್.” ಹೆಚ್ಚು ಜನ ನಂಬಿರುವುದು ಇದನ್ನೇ. ಆದರೆ ಡಂಪಿಂಗ್ ಅಳೆಯುವಾಗ ನಮ್ಮ ಅಂಗಡಿಯ ಬೆಲೆ ಲೆಕ್ಕಕ್ಕೆ ಬರುವುದಿಲ್ಲ, ಮಾರುವವರ ಸ್ವಂತ ದೇಶದ ಬೆಲೆಯೊಡನೆ ರಫ್ತಿನ ಬೆಲೆಯನ್ನು ಹೋಲಿಸುತ್ತಾರೆ. ಒಂದು ಕಾರ್ಖಾನೆ ತನ್ನ ದೇಶದಲ್ಲಿ 600 ರೂಪಾಯಿಗೆ ಮಾರುವ ಫ್ಲಾಸ್ಕನ್ನು ಭಾರತಕ್ಕೆ 450ಕ್ಕೆ ಕಳಿಸುತ್ತದೆ ಎಂದಿಟ್ಟುಕೊಳ್ಳಿ, ಅದು ಡಂಪಿಂಗ್. ಎರಡೂ ಕಡೆ 450ಕ್ಕೇ ಮಾರಿದರೆ, ಇಲ್ಲಿನ ತಯಾರಕರು ಎಷ್ಟೇ ಕಂಗೆಟ್ಟರೂ, ಅದು ಡಂಪಿಂಗ್ ಅಲ್ಲ. ಡಂಪಿಂಗ್ ಸಾಬೀತಾದರೂ ಸುಂಕ ಹಾಕಲು ಅಷ್ಟೇ ಸಾಲದು. ಇಲ್ಲಿನ ಉದ್ಯಮಕ್ಕೆ ಪೆಟ್ಟು ಬಿದ್ದಿದೆ, ಆ ಪೆಟ್ಟಿಗೆ ಈ ಆಮದೇ ಕಾರಣ ಎಂದೂ ತೋರಿಸಬೇಕು. ಚೀನಾದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನ ಬೆಲೆ ಮಾರುಕಟ್ಟೆ ನಿರ್ಧರಿಸಿದ ಬೆಲೆ ಎಂದು ಭಾರತ ಸಾಮಾನ್ಯವಾಗಿ ಒಪ್ಪುವುದಿಲ್ಲ, ಹೋಲಿಕೆಯ ಬೆಲೆಯನ್ನು ಬೇರೆ ಲೆಕ್ಕದಿಂದ ಕಟ್ಟುತ್ತದೆ. ತಜ್ಞರ ನಡುವೆ ವಾದ ಏಳುವುದು ಇಲ್ಲೇ, ಮತ್ತು ಆ ವಾದದಲ್ಲಿ ಹುರುಳಿದೆ.

“ಗಡಿಯಲ್ಲಿ ತಂಟೆಯಾದರೆ ಸರ್ಕಾರ ರಾತ್ರೋರಾತ್ರಿ ಸುಂಕ ಜಡಿಯುತ್ತದೆ.” ಇದೂ ಸರಿಯಲ್ಲ. ಸಾಮಾನ್ಯವಾಗಿ ದೂರು ಕೊಡುವವರು ಇಲ್ಲಿನ ತಯಾರಕರು. ವಾಣಿಜ್ಯ ಸಚಿವಾಲಯದ ಅಡಿಯಲ್ಲಿರುವ ಡಿಜಿಟಿಆರ್ ಎಂಬ ನಿರ್ದೇಶನಾಲಯ ತನಿಖೆ ನಡೆಸುತ್ತದೆ, ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಕೊನೆಗೆ ಅದು ಶಿಫಾರಸು ಮಾಡಬಹುದಷ್ಟೆ. ಸುಂಕ ಹಾಕುವುದು, ಬಿಡುವುದು ಹಣಕಾಸು ಸಚಿವಾಲಯಕ್ಕೆ ಬಿಟ್ಟದ್ದು, ಅದು ಶಿಫಾರಸನ್ನು ಒಪ್ಪದೆ ಬಿಟ್ಟದ್ದೂ ಉಂಟು. ಗುರಿ ಚೀನಾ ಒಂದೇ ಎಂದೂ ಅಲ್ಲ: ಊಟದ ಮೇಜಿನ ಓಪಲ್ ಗಾಜಿನ ತಟ್ಟೆ ಬಟ್ಟಲುಗಳಿಗೆ ಸುಂಕ ಬಿದ್ದಾಗ ಚೀನಾದ ಜೊತೆ ಯುಎಇ ಹೆಸರೂ ಇತ್ತು.

ಸುಂಕ ಕಟ್ಟುವುದು ವಿದೇಶಿ ಕಂಪನಿ ಎಂಬ ನಂಬಿಕೆಯೂ ಇದೆ. ಆದರೆ ಬಂದರಿನಲ್ಲಿ ಹಣ ಕಟ್ಟುವವರು ನಮ್ಮ ಆಮದುದಾರರು. ಫ್ಲಾಸ್ಕಿನ ಲೆಕ್ಕವನ್ನೇ ನೋಡಿ. ಟನ್ನಿಗೆ 1,732 ಡಾಲರ್ ಎಂದರೆ ಕಿಲೋಗೆ 1.73 ಡಾಲರ್. ಬಾಟಲಿ 400 ಗ್ರಾಂ ತೂಗಿದರೆ ಸುಮಾರು 69 ಸೆಂಟ್, ಡಾಲರಿಗೆ 86 ರೂಪಾಯಿಯಂತೆ ಹತ್ತಿರ ಹತ್ತಿರ 60 ರೂಪಾಯಿ. ಅದರಲ್ಲಿ ಎಷ್ಟನ್ನು ಆಮದುದಾರ ನುಂಗಿಕೊಳ್ಳುತ್ತಾನೆ, ಎಷ್ಟು ಗ್ರಾಹಕರ ಮೇಲೆ ಬೀಳುತ್ತದೆ ಎಂಬುದು ಪೈಪೋಟಿಯನ್ನು ಅವಲಂಬಿಸಿದೆ.

ಸಬ್ಸಿಡಿ ವಿರೋಧಿ ಸುಂಕವನ್ನು ಆ್ಯಂಟಿ ಡಂಪಿಂಗ್ ಸುಂಕದೊಡನೆ ಬೆರೆಸಬಾರದು. ಡಂಪಿಂಗ್ ಕಂಪನಿಯ ನಡೆ, ಸಬ್ಸಿಡಿ ಸರ್ಕಾರದ ನಡೆ. ಪಾತ್ರೆಗೂ ಬಳಕೆಯಾಗುವ ಸ್ಟೇನ್‌ಲೆಸ್ ಸ್ಟೀಲ್ ಹಾಳೆಗಳಿಗೆ ಚೀನಾ ಸರ್ಕಾರದ ನೆರವು ಸಿಗುತ್ತಿದೆ ಎಂಬ ತೀರ್ಮಾನದ ಮೇಲೆ ಭಾರತ 2017ರಲ್ಲಿ ಶೇ 18.95ರಷ್ಟು ಸಬ್ಸಿಡಿ ವಿರೋಧಿ ಸುಂಕ ಹಾಕಿತು. ಲೋಹದ ಬೆಲೆ ಏರಿದಾಗ ಅದನ್ನು 2021ರ ಬಜೆಟ್‌ನಲ್ಲಿ ತಾತ್ಕಾಲಿಕವಾಗಿ ತಡೆಹಿಡಿದು, 2022ರ ಬಜೆಟ್‌ನಲ್ಲಿ ಪೂರ್ತಿ ರದ್ದು ಮಾಡಿತು. ಉಕ್ಕು ತಯಾರಕರಿಗೆ ರಕ್ಷಣೆಯಾದದ್ದು ಪಾತ್ರೆ ಮಾಡುವ ಸಣ್ಣ ಕಾರ್ಖಾನೆಗೆ ಹೊರೆ. ಒಮ್ಮೆ ಹಾಕಿದ ಸುಂಕ ಶಾಶ್ವತ ಎನ್ನುವವರು ಈ ರದ್ದತಿಯನ್ನು ಗಮನಿಸಬೇಕು.

ಡಂಪಿಂಗ್ ತನಿಖೆ ಕಂಪನಿಗಳ ನಡುವಿನ ವ್ಯವಹಾರ, ನಮಗೇನು ಎಂದು ಗ್ರಾಹಕರು ಸುಮ್ಮನಿರುವುದೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ಚಿಲ್ಲರೆಯಾಗಿ ಮಾರಾಟವಾಗುವ ವಸ್ತುವಾದರೆ ಗ್ರಾಹಕ ಸಂಘಟನೆಗಳಿಗೂ ಮಾಹಿತಿ ಸಲ್ಲಿಸುವ ಅವಕಾಶ ಕೊಡಬೇಕು ಎಂದು 1995ರ ಆ್ಯಂಟಿ ಡಂಪಿಂಗ್ ನಿಯಮಗಳೇ ಹೇಳುತ್ತವೆ. ತನಿಖೆ ಆರಂಭದ ಪ್ರಕಟಣೆಗಳನ್ನು ಡಿಜಿಟಿಆರ್ ಸಾರ್ವಜನಿಕವಾಗಿ ಹೊರಡಿಸುತ್ತದೆ. ನಮ್ಮ ರಾಜ್ಯದ ಬಳಕೆದಾರರ ವೇದಿಕೆಗಳು ಅವನ್ನು ಗಮನಿಸಿ, ಗಡುವಿನೊಳಗೆ ಗ್ರಾಹಕರ ಪರವಾಗಿ ಬರೆಯಲಿ.