ಹದಿನಾಲ್ಕು ವ್ಯಾಗನ್ ಚಿನ್ನ

ದಸರಾ ಮುಗಿದು ಗೊಂಬೆಗಳೆಲ್ಲ ಟ್ರಂಕು ಸೇರಿದ ಮೇಲೂ ಬೆಂಗಳೂರಿನ ಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಹಲಗೆ ಹಾಗೇ ಉಳಿದಿದೆ. ನಾಲ್ಕೂವರೆ ಅಡಿ ಉದ್ದ, ಒಂದೇ ಅಡಿ ಅಗಲ. ಅದರ ಮೇಲೊಂದು ಗಣಿ ರೈಲಿನ ಮಾದರಿ ಕಟ್ಟಬೇಕೆಂದು ತಿಂಗಳಿಂದ ಪೆನ್ಸಿಲ್ ಹಿಡಿದು ಕೂತಿದ್ದೇನೆ.

ಪುಟ್ಟ ಜಾಗಕ್ಕೆ ಗಣಿಯಷ್ಟು ಒಪ್ಪುವ ವಸ್ತು ಇನ್ನೊಂದಿಲ್ಲ. ಉದ್ದನೆಯ ಪ್ಲಾಟ್‌ಫಾರ್ಮ್ ಬೇಡ, ಎಕ್ಸ್‌ಪ್ರೆಸ್ ಗಾಡಿ ಬೇಡ. ಒಂದು ಎಂಜಿನ್, ಎಂಟು ವ್ಯಾಗನ್, ಮೂರು ಹಳಿ, ಹಿಂದೆ ಶಾಫ್ಟಿನ ಗೋಪುರ ಇದ್ದರೆ ಸಾಕು. ಇಂಗ್ಲೆಂಡಿನ ಹವ್ಯಾಸಿಗಳಿಗೆ ಕಲ್ಲಿದ್ದಲು ಗಣಿ ಅಚ್ಚುಮೆಚ್ಚಾಗಿರುವುದು ಅದಕ್ಕೇ. ಖಾಲಿ ವ್ಯಾಗನ್ ಒಳಗೆ ಹೋಗುತ್ತದೆ, ತುಂಬಿದ್ದು ಹೊರಗೆ ಬರುತ್ತದೆ. ಆಟ ಸಲೀಸು.

ಆದರೆ ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಸ್ಥಾವರಕ್ಕೆ ಕಲ್ಲಿದ್ದಲು ತರುವಂಥ ಈಗಿನ ಗೂಡ್ಸ್ ಗಾಡಿ ಐವತ್ತೆಂಟು ವ್ಯಾಗನ್‌ಗಳಷ್ಟು ಉದ್ದ. ಎಚ್‌ಒ ಅಳತೆಯಲ್ಲಿ, ಅಂದರೆ ನಿಜದ ಗಾತ್ರದ 87ರಲ್ಲಿ ಒಂದು ಪಾಲಿಗೆ ಕುಗ್ಗಿಸಿ ಮಾಡಿದರೂ ಅದು ಏಳು ಮೀಟರ್ ಮೀರುತ್ತದೆ. ನನ್ನ ಹಲಗೆಗೆ ಆಗದ ಮಾತು. ಹಾಗಾಗಿ ನೂರು ಕಿಲೋಮೀಟರ್ ಆಚೆಯ ನಮ್ಮದೇ ಗಣಿಯ ಕಡೆ ತಿರುಗಿದೆ: ಕೋಲಾರದ ಚಿನ್ನದ ಗಣಿ, ಅಂದರೆ ಕೆಜಿಎಫ್.

ಇಲ್ಲಿ ಲೆಕ್ಕವೇ ತಲೆಕೆಳಗು. ಕೆಜಿಎಫ್‌ನಿಂದ ನೂರಿಪ್ಪತ್ತು ವರ್ಷಗಳಲ್ಲಿ ಹೊರಬಂದ ಚಿನ್ನ ಸುಮಾರು 800 ಟನ್. ಒಂದು ಕಲ್ಲಿದ್ದಲು ವ್ಯಾಗನ್ ಸುಮಾರು 58 ಟನ್ ಹೊರುತ್ತದೆ ಎಂದಿಟ್ಟುಕೊಳ್ಳಿ. ಭಾಗಿಸಿ ನೋಡಿ, ಅಷ್ಟೂ ಚಿನ್ನಕ್ಕೆ ಹದಿನಾಲ್ಕು ವ್ಯಾಗನ್ ಸಾಕು. ಮೂರು ತಲೆಮಾರಿನ ಬೆವರು ಒಂದು ಅರ್ಧ ಗಾಡಿಯನ್ನೂ ತುಂಬುವುದಿಲ್ಲ! ಹಾಗಾದರೆ 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹದಿನಾರು ಕಿಲೋಮೀಟರ್ ಹಳಿ ಹಾಕಿದ್ದು ಯಾತಕ್ಕೆ? ಒಳಗೆ ಹೋಗುವ ಸರಕಿಗೆ. ಯಂತ್ರ, ಗಣಿಯೊಳಗೆ ಆಸರೆ ಕೊಡುವ ಮರದ ದಿಮ್ಮಿ, ಉಗಿಯಂತ್ರಗಳ ಹೊಟ್ಟೆಗೆ ಸೌದೆ ಮತ್ತು ಕಲ್ಲಿದ್ದಲು. ಇಲ್ಲಿ ತುಂಬಿದ ವ್ಯಾಗನ್ ಒಳಗೆ ಬರಬೇಕು, ಖಾಲಿಯದು ಹೊರಗೆ ಹೋಗಬೇಕು. ಕಲ್ಲಿದ್ದಲು ಗಣಿಯ ನಕ್ಷೆಯನ್ನು ಹಾಗೇ ಎತ್ತಿಕೊಂಡು ಚಿನ್ನದ ಬಣ್ಣ ಬಳಿದರೆ ಅದು ಸುಳ್ಳಾಗುತ್ತದೆ.

ಕಾಲವನ್ನೂ ಈ ಸರಕೇ ಗೊತ್ತುಮಾಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಹರಿಯಿತು, ಉಗಿಯ ಕಾಲ ಇಳಿಯತೊಡಗಿತು. ನಾನು ಆರಿಸಿಕೊಂಡಿರುವುದು ಅದಕ್ಕೆ ಮುಂಚಿನ ಎಂಟು ವರ್ಷ. ಹಳಿ ಬಂದಿದೆ, ಕರೆಂಟು ಇನ್ನೂ ಬಂದಿಲ್ಲ.

ಹಳಿಯ ಜೋಡಣೆಗೆ ಇಂಗ್ಲೆಂಡಿನ ಅಲನ್ ರೈಟ್ ರೂಪಿಸಿದ ಶಂಟಿಂಗ್ ಒಗಟೊಂದಿದೆ, ಹೆಸರು ಇಂಗಲ್‌ನುಕ್. ಒಂದು ಹಳಿಯಲ್ಲಿ ಐದು ವ್ಯಾಗನ್ ಹಿಡಿಸಬೇಕು, ಇನ್ನೆರಡರಲ್ಲಿ ಮೂರು ಮೂರು. ಎಂಜಿನ್ ಹಿಂದೆ ಮುಂದೆ ಆಡಲು ಇರುವ ಹಳಿಯಲ್ಲಿ ಎಂಜಿನ್ ಜೊತೆ ಮೂರೇ ವ್ಯಾಗನ್ನಿಗೆ ಜಾಗ. ಎಂಟು ವ್ಯಾಗನ್‌ಗಳಿಗೆ ಎಂಟು ಚೀಟಿ ಬರೆದು ಐದನ್ನು ಎತ್ತಿ, ಬಂದ ಕ್ರಮದಲ್ಲೇ ಗಾಡಿ ಜೋಡಿಸಬೇಕು. ಹಳಿ ಕವಲೊಡೆಯುವ ಪಾಯಿಂಟ್ ಎರಡೇ, ಆದರೆ 6,720 ಬಗೆಯ ಗಾಡಿ. ಸುತ್ತು ಹೊಡೆಯುವ ಆಟಿಕೆ ರೈಲು ಹತ್ತು ನಿಮಿಷಕ್ಕೆ ಬೇಸರ ತರುತ್ತದೆ. ಇದು ಭಾನುವಾರದ ಮಧ್ಯಾಹ್ನವನ್ನೇ ನುಂಗುತ್ತದೆ.

ಅಳತೆಯ ವಿಷಯದಲ್ಲಿ ರಾಜಿ ಮಾಡಿಕೊಳ್ಳಲೇಬೇಕು. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್. ಎಚ್‌ಒ ಲೆಕ್ಕದಲ್ಲಿ ಅದು 19.3 ಆಗಬೇಕು, ಅಂಗಡಿಯಲ್ಲಿ ಸಿಗುವ ಹಳಿ 16.5. ಇಷ್ಟನ್ನು ನಾನು ಒಪ್ಪಿಕೊಂಡಿದ್ದೇನೆ. ಇಡೀ ಮಾರಿಕುಪ್ಪಂ ಮಾರ್ಗವನ್ನು ಸರಿಯಾಗಿ ಕುಗ್ಗಿಸಿದರೂ 184 ಮೀಟರ್, ನಮ್ಮ ಅಡ್ಡರಸ್ತೆಯನ್ನೇ ಕೇಳಬೇಕಾಗುತ್ತದೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಇಳಿದಿದ್ದು 3.2 ಕಿಲೋಮೀಟರ್ ಆಳಕ್ಕೆ. ಕುಗ್ಗಿಸಿದರೂ ಮೂವತ್ತೇಳು ಮೀಟರ್, ಹನ್ನೆರಡು ಅಂತಸ್ತಿನ ಕಟ್ಟಡವನ್ನು ಹಲಗೆಯ ಕೆಳಗೆ ತಲೆಕೆಳಗಾಗಿ ನೇತುಹಾಕಿದ ಹಾಗೆ. ಆ ಆಳಕ್ಕೆ ದಿನವೂ ಮನುಷ್ಯರು ಇಳಿಯುತ್ತಿದ್ದರು ಎಂಬುದು ಈ ಲೆಕ್ಕ ಮಾಡುವವರೆಗೆ ನನ್ನ ಮೈಗೆ ತಟ್ಟಿರಲಿಲ್ಲ.

ಸಾಮಾನಿಗೆ ಪರದೇಶದ ಪೊಟ್ಟಣ ಬೇಕಿಲ್ಲ. ದಸರಾ ಗೊಂಬೆಯ ಮುಂದೆ ರಾಗಿ ಪೈರು ಬೆಳೆಸಿ ಪಾರ್ಕು ಮಾಡುವ ಮನೆಗಳಿಗೆ ಈ ಕಲೆ ಹೊಸದೂ ಅಲ್ಲ. ಗುಡ್ಡಕ್ಕೆ ಥರ್ಮಾಕೋಲು, ಅದರ ಮೇಲೆ ಫೆವಿಕಾಲ್ ಬಳಿದು ಜರಡಿ ಹಿಡಿದ ಮಣ್ಣು. ತಂತಿ, ಸ್ವಿಚ್ಚು, ಹನ್ನೆರಡು ವೋಲ್ಟ್ ಅಡಾಪ್ಟರಿಗೆ ಎಸ್.ಪಿ. ರಸ್ತೆ. ವ್ಯಾಗನ್ನಿಗೆ ತುಂಬುವ ಕಲ್ಲಿದ್ದಲನ್ನು ನಮ್ಮ ಬೀದಿಯ ಇಸ್ತ್ರಿ ಗಾಡಿಯವರು ಕೊಟ್ಟರು, ಒಂದು ಹಿಡಿ ಇದ್ದಿಲು. ಬಟ್ಟೆಯಲ್ಲಿ ಕಟ್ಟಿ ಕುಟ್ಟಿದರೆ ಕರಿ ಹರಳು ತಯಾರು.

ಒಂದನ್ನು ಮಾತ್ರ ಬಿಡಬಾರದು. ಇಂಥ ಮಾದರಿಗಳಲ್ಲಿ ಎಂಜಿನ್ನಿಗೆ ಎಲ್ಲ ಅಕ್ಕರೆ ಹೋಗಿ, ಜನರೆಂದರೆ ಪ್ಲಾಟ್‌ಫಾರ್ಮಿನ ಮೇಲಿನ ನಾಲ್ಕು ಗೊಂಬೆ ಅಷ್ಟೇ ಆಗಿಬಿಡುತ್ತದೆ. ಕೆಜಿಎಫ್ ಎಂದರೆ ಕಾರ್ಮಿಕರ ಲೈನ್ ಮನೆಗಳು. ತಮಿಳು, ತೆಲುಗು, ಕನ್ನಡ ಒಟ್ಟಿಗೆ ಕೇಳುವ ಬೀದಿಗಳು. ನನ್ನ ಹಲಗೆಯ ಎಡಗಡೆ ಒಂದು ಗೇಣು ಜಾಗ ಲೈನ್ ಮನೆಗಳಿಗೇ ಮೀಸಲು, ಅದಕ್ಕಾಗಿ ಒಂದು ಹಳಿ ಗಿಡ್ಡವಾದರೂ ಚಿಂತೆಯಿಲ್ಲ.

ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಹಳಿ ಮುಚ್ಚಲಿಲ್ಲ. ಬೆಳಗಿನ ರೈಲಿನಲ್ಲಿ ಇಂದಿಗೂ ಅಲ್ಲಿನ ಜನ ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ. ಗಣಿ ರೈಲು ಕಟ್ಟುವ ಮನಸ್ಸಿದ್ದವರು ಎಂಜಿನ್ ಕೊಳ್ಳುವ ಮೊದಲು ಒಮ್ಮೆ ಆ ಮಾರ್ಗದ ರೈಲಿನಲ್ಲಿ ಮಾರಿಕುಪ್ಪಂವರೆಗೆ ಹೋಗಿ ಬನ್ನಿ. ದಾರಿಯಲ್ಲಿ ಕಿಟಕಿಯ ಪಕ್ಕ ಕೂತು, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳಾದ, ಮಳೆ ಕೊರೆದ ಸೈನೈಡ್ ಗುಡ್ಡಗಳ ಬಣ್ಣವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ.